ಕಂಬಳಿ ಹಾಸಿದ ಕುರ್ಚಿ

೧೫ ನವೆಂಬರ್ ೧೯೮೮, ಮಂಗಳವಾರ

ಮತ್ತೆ ಹ್ಯಾಂಗ್. ಬೆಳಗಿನಿಂದ ಹಾಕಿದ ನೂಲಿನ ಲೆಕ್ಕವೆಲ್ಲ ಹೋಯಿತು. ಕಂಪ್ಯೂಟರಿನ ಹಸಿರು ಅಕ್ಷರಗಳು ಇದ್ದಲ್ಲೇ ನಿಂತುಬಿಟ್ಟವು. ಜಪ್ಪಯ್ಯ ಅಂದರೂ ಅಲುಗಲಿಲ್ಲ. ಸ್ವಿಚ್ ಆಫ್, ಸ್ವಿಚ್ ಆನ್, ಮತ್ತೆ ಫ್ಲಾಪಿ, ಮತ್ತೆ ಮೊದಲಿನಿಂದ. ಮಧ್ಯಾಹ್ನ ಇನ್ನೊಂದು ಸಲ. ಹೊಟ್ಟೆನೋವು ಬೇರೆ. ಅಳು ಬರುವಷ್ಟು ಸಿಟ್ಟು.

ಈ ಕೋಣೆಯೇ ಒಂದು ತಮಾಷೆ. ಚಪ್ಪಲಿ ಹೊರಗೆ. ದಿನಾ ಊದಿನಕಡ್ಡಿ. ಆಯುಧಪೂಜೆಯ ದಿನ ಚೇರ್ಮನ್ ಅಮಾತೆಪ್ಪನವರು ಕುರ್ಚಿಗೂ ನೆಲಕ್ಕೂ ಕರಿ ಕಂಬಳಿ ಹಾಸಿಸಿದರು — "ಲಕ್ಷ್ಮಿ ಬಂದಾಳ, ಬರೀ ನೆಲಾ ಇಡಬಾರದು." ಲಕ್ಷ್ಮಿ ಮೇಜಿನ ಮೇಲೆ ಇದ್ದಾಳೆ, ಕಂಬಳಿ ಚುಚ್ಚುವುದು ನನಗೆ. ಇಳಕಲ್ಲಿನ ಇಡೀ ನೇಕಾರರ ಸೊಸೈಟಿಯಲ್ಲಿ ಇದನ್ನು ಓಡಿಸಲು ಬರುವವಳು ನಾನೊಬ್ಬಳೇ. ಹುಬ್ಬಳ್ಳಿಯಲ್ಲಿ ಕೋರ್ಸ್ ಮುಗಿಸಿದ್ದೇನೆಂದು ತೆಗೆದುಕೊಂಡರು. ಟೆಂಪರರಿ. ಜನವರಿಯ ಮೀಟಿಂಗಿನಲ್ಲಿ ಖಾಯಂ ಮಾಡುತ್ತೇವೆ ಅಂದಿದ್ದಾರೆ. ಆಗದಿದ್ದರೆ ಅವ್ವನನ್ನು ಕರೆದುಕೊಂಡು ಬಾದಾಮಿಗೆ ಹೋಗಿ ಕಾಕಾನ ಮನೆಯ ಅಡುಗೆಮನೆಯಲ್ಲಿ ಕೂರಬೇಕು.

ಮೆರೂನ್ ಪಾಲಿಯೆಸ್ಟರ್ ಸೀರೆ ಒಗೆದು ಹಾಕಿದೆ. ಒಂದು ತಾಸಿಗೆ ಒಣಗುತ್ತದೆ. ಅದೊಂದು ಪುಣ್ಯ.

೧೬ ನವೆಂಬರ್

ಇವತ್ತೂ ಮೂರು ಸಲ. ಥೂ ಇದರ.

೨೫ ನವೆಂಬರ್, ಶುಕ್ರವಾರ

ಹುಬ್ಬಳ್ಳಿಯಿಂದ ಎಂಜಿನಿಯರ್ ಬಂದಿದ್ದ. ಅವನ ಎದುರಿಗೆ ಕಂಪ್ಯೂಟರ್ ಭಾರೀ ಸಭ್ಯ. ಮಧ್ಯಾಹ್ನದವರೆಗೆ ಕೂತ, ಒಂದು ಸಲವೂ ನಿಲ್ಲಲಿಲ್ಲ. ನಾನೂ ಓಡಿಸಿ ತೋರಿಸಿದೆ, ಆಗಲೂ ಇಲ್ಲ. "ವೋಲ್ಟೇಜ್ ಪ್ರಾಬ್ಲೆಮ್" ಅಂದ. ಸ್ಟೆಬಿಲೈಜರ್ ತರಿಸಲು ಹೇಳಿ, ನಮ್ಮ ಖರ್ಚಿನಲ್ಲಿ ಊಟ ಮಾಡಿ ಹೋದ. ಹೋಗುವಾಗ ನನ್ನ ಕಡೆ ನೋಡಿ ನಕ್ಕ ನಗೆ ಇದೆಯಲ್ಲ — ಗೊತ್ತಿಲ್ಲದ ಹೆಂಗಸು ಯಾವುದೋ ಕೀ ಒತ್ತಿರಬೇಕು ಅನ್ನುವ ನಗೆ.

೧೨ ಡಿಸೆಂಬರ್, ಸೋಮವಾರ

ಸ್ಟೆಬಿಲೈಜರ್ ಬಂದಿದೆ. ಮೂಲೆಯಲ್ಲಿ ಗುಂಯ್ ಅನ್ನುತ್ತದೆ. ಎರಡು ವಾರ ಎಲ್ಲ ಸರಿ ಇತ್ತು. ಇವತ್ತು ಮತ್ತೆ ಶುರು.

ನೇಕಾರರ ಮಜೂರಿ ಪಟ್ಟಿ ಅರ್ಧಕ್ಕೆ ಬಂದಾಗ ಹ್ಯಾಂಗ್. ಮತ್ತೆ ಹಾಕಿದೆ. ಕುರ್ಚಿಯಿಂದೆದ್ದು ಪ್ರಿಂಟರಿಗೆ ಕಾಗದ ಸೇರಿಸಿ ಬಂದು ಕೈ ಇಟ್ಟೆ, ಮತ್ತೆ ಹ್ಯಾಂಗ್. ಹೊರಗೆ ಕಟ್ಟೆಯ ಮೇಲೆ ಜನ ಬೆಳಗಿನಿಂದ ಕೂತಿದ್ದಾರೆ. ಒಬ್ಬ ಮುದುಕ ಕಿಟಕಿಯಲ್ಲಿ ಇಣುಕಿ, "ಯವ್ವಾ, ನಿನ್ನ ಪೆಟಿಗಿ ಬರೂಕಿಂತ ಮೊದಲ ನಮಗ ಹೊತ್ತಿಗೆ ಸರಿ ಪಗಾರ ಸಿಗತಿತ್ತು" ಅಂದ. ಕೊನೆಗೆ ಕ್ಲಾರ್ಕ್ ಕಲ್ಲಪ್ಪ ಕೈಯಲ್ಲೇ ಬರೆದು ಹಂಚಿದ. ಧೋತರ ಸರಿಮಾಡಿಕೊಳ್ಳುತ್ತಾ ಒಂದು ನಗೆ ಬೇರೆ.

೧೪ ಡಿಸೆಂಬರ್, ಸಂಜೆ

ಇದನ್ನು ಬರೆಯಲೂ ನಾಚಿಕೆ. ಆದರೂ ಬರೆಯುತ್ತೇನೆ.

ಸೆಕ್ರೆಟರಿ ರಾಚಯ್ಯನವರು ಒಳಗೆ ಕರೆದರು. ಬಾಗಿಲು ಅರ್ಧ ಮುಚ್ಚಿದರು. ಮೇಜಿನ ಮೇಲಿನ ಗಾಜನ್ನೇ ನೋಡುತ್ತಾ ಮಾತು ತೆಗೆದರು.

"ನೋಡವಾ ಬನಶಂಕರಿ, ತಪ್ಪ ತಿಳ್ಕೋಬ್ಯಾಡ. ಹ್ವಾದ ತಿಂಗಳ ಇದ ಹೊತ್ತಿಗೆ ಮಷೀನ್ ಕೆಟ್ಟಿತ್ತು. ಈ ತಿಂಗಳಾನೂ ಕೆಟ್ಟೈತಿ. ನಡುವ ಚೊಲೋ ಇತ್ತು. ಚೇರ್ಮನ್ನರು ಕೇಳಂದ್ರು... ನೀ ಆ ದಿನದಾಗ ಮುಟ್ಟತೀಯೇನು ಅದನ್ನ?"

"ಆ ದಿನ ಅಂದ್ರ ಯಾವ ದಿನಾರೀ?" ಬೇಕಂತಲೇ ಕೇಳಿದೆ.

"ಅದ... ಹೆಣಮಕ್ಕಳದು."

ನನ್ನ ಮೈಯ ಲೆಕ್ಕವನ್ನು ಈ ಗಂಡಸರು ಚಹಾ ಕುಡಿಯುತ್ತಾ ಹಾಕಿದ್ದಾರೆ! ಇನ್ನು ಮೇಲೆ ತಿಂಗಳಿಗೆ ಮೂರು ದಿನ ಮನೆಯಲ್ಲಿರಬೇಕಂತೆ. ಯಾವತ್ತಿನಿಂದ ಅಂತ ಕಲ್ಲಪ್ಪನಿಗೆ ಹೇಳಿ ಹೋಗಬೇಕಂತೆ. ಕಲ್ಲಪ್ಪನಿಗೆ! "ಮೀಟಿಂಗಿನಾಗ ನಿನ್ನ ಖಾಯಮ್ಮಿನ ಮಾತ ಐತಿ, ಒಂದೀಟ ಸಮಾಳಿಸಿಕೊಂಡ ಹೋಗವಾ" ಅಂದರು. ಅದು ಬೆದರಿಕೆ ಅಂತ ತಿಳಿಯದಷ್ಟು ದಡ್ಡಿಯಲ್ಲ ನಾನು.

ಅವ್ವನಿಗೆ ಹೇಳಿದೆ. ನನ್ನವ್ವ ಗುರುಲಿಂಗವ್ವ ಆ ದಿನಗಳಲ್ಲೂ ಒಮ್ಮೆಯೂ ಲಿಂಗಪೂಜೆ ಬಿಟ್ಟವಳಲ್ಲ, ದೂರ ಕೂತವಳೂ ಅಲ್ಲ. ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ನಮ್ಮಾಗ ಸೂತಕ ಎಲ್ಲೈತಿ? ಅಮಾತೆಪ್ಪನ ಬಾಯಾಗ ಬಸವ ಜಯಂತಿ ದಿನಾ ಬ್ಯಾರೆ ಬರತೈತಿ, ಮರದಿನಾ ಬ್ಯಾರೆ ಬರತೈತೇನು?" ಅಂದಳು. ಖರೆ. ಆ ಭಾಷಣ ನಾನೂ ಕೇಳಿದ್ದೇನೆ. ಮೈಕ್ ಹಿಡಿದು ಗಂಟಲು ಹರಿಯುವಂತೆ ಹೇಳಿದ್ದರು — ಶರಣರಿಗೆ ಸೂತಕವಿಲ್ಲ, ಹೆಣ್ಣು ಗಂಡೆಂಬ ಭೇದವಿಲ್ಲ.

೧೫ ಡಿಸೆಂಬರ್

ನಿದ್ದೆ ಇಲ್ಲ. ನೆನಪು ಮಾಡಿಕೊಂಡೆ. ಹದಿನೈದು, ಹದಿನಾರು ನವೆಂಬರ್ — ಹೌದು. ಮೊನ್ನೆ ಸೋಮವಾರ — ಹೌದು. ಮಂಗಳವಾರ — ಹೌದು.

ಲೆಕ್ಕ ಕೂಡಿಬರುತ್ತದೆ. ಅದೇ ಹೇಸಿಗೆ. ಅವರು ಸುಳ್ಳು ಹೇಳಿದ್ದರೆ ಚೆನ್ನಾಗಿತ್ತು.

ಸ್ನಾನ ಮಾಡುವಾಗ ನನ್ನ ಕೈಗಳನ್ನೇ ನೋಡುತ್ತಾ ನಿಂತೆ. ಬಿ.ಎಸ್‌ಸಿ. ಓದಿದವಳು. ಥೂ ನನ್ನ.

೨೬ ಡಿಸೆಂಬರ್, ಸೋಮವಾರ

ಇವತ್ತು ನಡೆದದ್ದನ್ನು ಸಾವಕಾಶ ಬರೆಯಬೇಕು.

ನಜಮಾ ಬಂದಿದ್ದಳು. ಮನೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತಿಕೊಡುತ್ತಾಳೆ, ಅದನ್ನು ಒಯ್ಯಲು ಬಂದವಳು. ನಿಲ್ಲಲಾರದೆ ಏದುಸಿರು ಬಿಡುತ್ತಿದ್ದಳು. ನನ್ನ ಕುರ್ಚಿಯಲ್ಲೇ ಕೂರಿಸಿದೆ. ಗೋಡೌನಿನಿಂದ ನೂಲು ಬಂದಾಗ ಎದ್ದಳು, ಏಳುವಾಗ ಆಸರೆಗೆಂದು ಕಂಪ್ಯೂಟರಿನ ಡಬ್ಬಿಗೆ ಕೈ ಹಚ್ಚಿದಳು. ಚಟ್ ಅಂತು. ನನಗೇ ಕೇಳಿಸಿತು. ಪರದೆ ನಿಂತಿತು.

"ಅಯ್ಯ ನಮ್ಮವ್ವಾ! ನಾ ಏನೂ ಮಾಡಿಲ್ರೀ ಬಾಯಾರ! ಬರೇ ಕೈ ಹಚ್ಚೇನಿ. ಇರಿವಿ ಕಡದಂಗಾತು!"

ಆಗ ನನ್ನ ನಾಲಿಗೆಯ ತುದಿಗೆ ಬಂದ ಪ್ರಶ್ನೆ ಯಾವುದು ಅಂತ ಇಲ್ಲಿಯಾದರೂ ಬರೆಯುತ್ತೇನೆ. ರಾಚಯ್ಯನವರು ನನ್ನನ್ನು ಕೇಳಿದ್ದೇ. ಅಷ್ಟು ಆಳಕ್ಕೆ ಅವರ ಕೊಳೆ ನನ್ನ ತಲೆಯೊಳಗೆ ಇಳಿದುಬಿಟ್ಟಿದೆ. ಬಾಯಿ ತೆರೆದವಳು ಅವಳ ಹೊಟ್ಟೆ ನೋಡಿ ಮುಚ್ಚಿದೆ. ನಜಮಾಳಿಗೆ ಏಳು ತಿಂಗಳು ತುಂಬಿದೆ! ಬಸುರಿಗೆ ಎಲ್ಲಿಯ ಮುಟ್ಟು?

ನಗು ತಡೆಯಲಾಗಲಿಲ್ಲ. ಅವಳು ಗಾಬರಿಯಿಂದ ನನ್ನನ್ನೇ ನೋಡಿದಳು. ಅವಳ ಕೈ ಹಿಡಿದು, "ನೀ ಏನೂ ಮಾಡಿಲ್ಲ ತಂಗಿ, ಭಾಳ ಉಪಕಾರ ಮಾಡೀದಿ" ಅಂದೆ. ಹುಚ್ಚು ಹಿಡಿದಿದೆ ಅಂದುಕೊಂಡಿರಬೇಕು.

ಹಾಗಾದರೆ ಏನು? ಅವಳಿಗೂ ನನಗೂ ಆ ಕುರ್ಚಿ ಒಂದೇ. ಕಲ್ಲಪ್ಪನೂ ಆಗಾಗ ಅದೇ ಕುರ್ಚಿಯಲ್ಲಿ ಕೂತು ಸ್ವಿಚ್ ಹಾಕುತ್ತಾನೆ, ಅವನು ಮುಟ್ಟಿದರೆ ಹ್ಯಾಂಗ್ ಆಗುವುದಿಲ್ಲ. ಮತ್ತೇನು ಒಂದೇ...

ಅದೇ ದಿನ, ದೀಪ ಹಚ್ಚುವ ಹೊತ್ತು

ಸೀರೆ! ಅವಳು ಉಟ್ಟದ್ದು ಪಾಲಿಯೆಸ್ಟರ್. ನಾನು ದಿನಾ ಉಡುವುದು ಹತ್ತಿ. ಆ ದಿನಗಳಲ್ಲಿ ಮಾತ್ರ ಮೆರೂನ್ ಪಾಲಿಯೆಸ್ಟರ್ — ಕಲೆಯಾದರೆ ಕಾಣುವುದಿಲ್ಲ, ಒಗೆದರೆ ಬೇಗ ಒಣಗುತ್ತದೆ. ಪಾಲಿಯೆಸ್ಟರ್ ಕಂಬಳಿಗೆ ತಿಕ್ಕಿದರೆ ಮೈಯಲ್ಲಿ ವಿದ್ಯುತ್ ತುಂಬುತ್ತದೆ, ಅದರಲ್ಲೂ ಈ ಒಣ ಚಳಿಗಾಲದಲ್ಲಿ. ಲೋಹ ಮುಟ್ಟಿದ ಕೂಡಲೇ ಚಟ್. ಸ್ಟ್ಯಾಟಿಕ್! ಕಾಲೇಜಿನಲ್ಲಿ ಬಾಚಣಿಗೆಯನ್ನು ಕೂದಲಿಗೆ ತಿಕ್ಕಿ ಕಾಗದದ ಚೂರು ಎತ್ತಿದ್ದು ಮರೆತೇ ಹೋಗಿತ್ತು.

ನನ್ನ ಮೈಗೆ ಬಂದ ಅಪವಾದ ಅಮಾತೆಪ್ಪನವರ ಕಂಬಳಿಯದು.

೨೮ ಡಿಸೆಂಬರ್

ಏನೂ ಇಲ್ಲದ ದಿನ. ಮೆರೂನ್ ಉಟ್ಟು ಹೋದೆ. ಕೂತೆ, ಎದ್ದೆ, ಮುಟ್ಟಿದೆ. ಹ್ಯಾಂಗ್. ಕಂಬಳಿ ಮಡಚಿ ಆಚೆ ಇಟ್ಟೆ. ಕೂತೆ, ಎದ್ದೆ, ಮುಟ್ಟಿದೆ. ಏನಿಲ್ಲ. ಮತ್ತೆ ಹಾಸಿದೆ. ಹ್ಯಾಂಗ್.

ಇಷ್ಟು ಖುಷಿಯಿಂದ ಯಾರೂ ಕಂಪ್ಯೂಟರ್ ಕೆಡಿಸಿರಲಿಕ್ಕಿಲ್ಲ.

೬ ಜನವರಿ ೧೯೮೯, ಶುಕ್ರವಾರ

ನಾಳೆ ಮೀಟಿಂಗ್. ಕಲ್ಲಪ್ಪ ಮೆಲ್ಲಗೆ ಹೇಳಿದ — ತಾರೀಕು ಗೊತ್ತು ಮಾಡುವಾಗ ಚೇರ್ಮನ್ನರು ಕ್ಯಾಲೆಂಡರ್ ನೋಡಿ, "ಸೋಮವಾರದ ಒಳಗ ಇಡ್ರಿ, ಅಷ್ಟರಾಗ ಆಕಿಗೆ ಇರಂಗಿಲ್ಲ" ಅಂದರಂತೆ. ನನ್ನ ದಿನಗಳು ಅವರ ಗೋಡೆಯ ಕ್ಯಾಲೆಂಡರಿನಲ್ಲಿವೆ. ಕೇಳಿ ಮೈಮೇಲೆ ಹಲ್ಲಿ ಬಿದ್ದಂತಾಯಿತು.

ಈ ಸಲ ಮೂರು ದಿನ ಮೊದಲೇ ಆಗಿದೆ. ಇವತ್ತು ಮಧ್ಯಾಹ್ನವೇ. ಯಾರಿಗೂ ಹೇಳಿಲ್ಲ. ನಾಳೆ ಹೋಗುತ್ತೇನೆ.

೭ ಜನವರಿ, ಶನಿವಾರ

ಹತ್ತಿಯ ಸೀರೆ ಉಟ್ಟು ಹೋದೆ. ಕುರ್ಚಿಯ ಕಂಬಳಿ ತೆಗೆದೆ. ಬೋರ್ಡಿನವರೆಲ್ಲ ಹಿಂದೆ ನಿಂತಿದ್ದರು, ಅಮಾತೆಪ್ಪನವರು ಮುಂದೆ. ಇಡೀ ತಿಂಗಳ ಮಜೂರಿ ಪಟ್ಟಿ ಅವರ ಎದುರಿಗೇ ಹಾಕಿ ತೆಗೆದೆ. ಪ್ರಿಂಟರ್ ಕಿರ್ರ್ ಕಿರ್ರ್ ಅಂತ ಮಾರುದ್ದ ಕಾಗದ ಹೊರಹಾಕಿತು. ಒಂದು ಸಲವೂ ನಿಲ್ಲಲಿಲ್ಲ.

ಆಮೇಲೆ ಕಂಬಳಿ ಮತ್ತೆ ಹಾಸಿದೆ. ಚೀಲದಿಂದ ಮೆರೂನ್ ಸೀರೆ ತೆಗೆದು ಕಲ್ಲಪ್ಪನಿಗೆ ಕೊಟ್ಟೆ.

"ಇದನ್ನ ಸುತ್ತಿಕೊಂಡ ಕುಂದರ್ರಿ."

"ಏ, ನಾ ಒಲ್ಲೆ!"

"ಸುತ್ತಿಕೊಳ್ಳೋ ಮಾರಾಯಾ" ಅಂತ ರಾಚಯ್ಯನವರೇ ಗದರಿದರು. ಕಲ್ಲಪ್ಪ ಸುತ್ತಿಕೊಂಡ. ಮದುಮಗಳ ಹಾಗೆ ತಲೆ ತಗ್ಗಿಸಿ ಕೂತ, ಎದ್ದ, ಮುಟ್ಟಿದ. ಚಟ್! "ಅಯ್ಯಪ್ಪಾ!" ಪರದೆ ನಿಂತಿತು. ಬೋರ್ಡಿನವರು ಬಿದ್ದು ಬಿದ್ದು ನಕ್ಕರು. ಒಬ್ಬರು, "ಕಲ್ಲಪ್ಪಾ, ನಿನಗ ಯಾವಾಗಿಂದಲೇ?" ಅಂದರು. ಅವರ ಬಾಯಲ್ಲಿ ಅದು ತಮಾಷೆ.

ಕಾರಣ ವಿವರಿಸಿದೆ. ತಲೆ ಅಲ್ಲಾಡಿಸಿದರು. ನನ್ನನ್ನು ಖಾಯಂ ಮಾಡುವ ಠರಾವು ಪಾಸಾಯಿತು. ಸಹಿಯೂ ಆಯಿತು. ಅಷ್ಟಕ್ಕೆ ಸುಮ್ಮನಿರಬಹುದಿತ್ತು. ಕೈಮುಗಿದು ಮನೆಗೆ ಬರಬಹುದಿತ್ತು.

ಅಮಾತೆಪ್ಪನವರು ಪ್ರಿಂಟಾದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಅಜ್ಜನಂತೆ ನಕ್ಕು ಹೇಳಿದರು:

"ಶಾಣ್ಯಾಕಿ ಇದ್ದಿ ಬಿಡವಾ. ಆದ್ರ ಒಂದ ಮಾತ. ಸೀರಿದು ಏನರ ಇರಲಿ, ಆ ಮೂರ ದಿನಾ ಮಾತ್ರ ದೂರ ಇರು. ಇವತ್ತ ನೋಡು, ಮೈಲಿಗಿ ಇಲ್ಲ, ಹೆಂಗ ಹೂವಿನಂಗ ನಡೀತು."

ನನ್ನೊಳಗೆ ಏನೋ ಕಿತ್ತು ಬಂತು.

"ಇವತ್ತ ನನ್ನ ಎರಡನೇ ದಿನಾರೀ" ಅಂದೆ.

ಅಮಾತೆಪ್ಪನವರ ಕೈಯಿಂದ ಕಾಗದ ಜಾರಿ ಮಡಿಕೆ ಮಡಿಕೆಯಾಗಿ ಕಾಲಮೇಲೆ ಬಿತ್ತು. ಅವರು ಕಾಲು ಹಿಂದಕ್ಕೆ ಎಳೆದುಕೊಂಡರು. ನೇಕಾರರ ಇಡೀ ತಿಂಗಳ ದುಡಿಮೆ ಬರೆದ ಕಾಗದದಿಂದ! ನಾನೇ ಬಗ್ಗಿ ಎತ್ತಿ ಮೇಜಿನ ಮೇಲಿಟ್ಟೆ. ನಮಸ್ಕಾರ ಹೇಳಿ ಬಂದೆ.

ಅವ್ವ ಎಲ್ಲ ಕೇಳಿ ನನ್ನ ತಲೆಗೆ ಎಣ್ಣೆ ಹಚ್ಚಿದಳು.

೯ ಜನವರಿ, ಸೋಮವಾರ. ಆಫೀಸಿನಲ್ಲಿ, ಹನ್ನೊಂದು ಗಂಟೆ

ಬಾಗಿಲಲ್ಲೇ ವಾಸನೆ ಬಂತು.

ಆಕಳ ಗಂಜಳ. ನಿನ್ನೆ ಭಾನುವಾರ ಚೇರ್ಮನ್ನರು ಖುದ್ದಾಗಿ ನಿಂತು ಕೋಣೆ ಶುದ್ಧ ಮಾಡಿಸಿದ್ದಾರೆ. ಗೋಡೆಗೆ, ಕುರ್ಚಿಗೆ — ಕಂಪ್ಯೂಟರಿಗೂ. ಕೀಬೋರ್ಡಿನ ಸಂದಿಯಲ್ಲಿ ಹಳದಿ ಹನಿ ಇನ್ನೂ ನಿಂತಿದೆ. ಡಬ್ಬಿಯ ಜಾಲರಿಯೊಳಗೂ ಇಳಿದಿದೆ. ಶುದ್ಧವಾಯಿತೋ ಇಲ್ಲವೋ ನೋಡಲು ಕಲ್ಲಪ್ಪನ ಕೈಯಿಂದ ಸ್ವಿಚ್ ಹಾಕಿಸಿದರಂತೆ. ಒಳಗೆ ಪಟ್ ಅಂತಂತೆ. ಹೊಗೆ. ಆಮೇಲೆ ಉಸಿರಿಲ್ಲ. ಇದು ಹ್ಯಾಂಗ್ ಅಲ್ಲ, ಇದು ಹೆಣ.

ಮಜೂರಿಯ ಜನ ಮತ್ತೆ ಕಟ್ಟೆಯ ಮೇಲೆ ಕೂತಿದ್ದಾರೆ; ಶನಿವಾರ ತೆಗೆದ ಪಟ್ಟಿಯನ್ನು ಯಾರೂ ಮುಟ್ಟಿಲ್ಲ.

ರಾಚಯ್ಯನವರು ಈಗಷ್ಟೇ ಬಂದು ಹೋದರು. ಮುಖ ಒಣಗಿತ್ತು. "ಹುಬ್ಬಳ್ಳಿ ಎಂಜಿನಿಯರ್ ಬರಾಕತ್ಯಾನ. ಮಷೀನ್ ಸರಕಾರ ಕೊಟ್ಟದ್ದು, ಅಲ್ಲಿಗೆ ರಿಪೋರ್ಟ್ ಬರೀತಾನ. ನೀ ನೀರ ಕುಡಿಯೂವಾಗ ತಂಬಿಗಿ ಉರುಳಿತು ಅಂತ ಹೇಳಿಬಿಡವಾ. ಖಾಯಂ ಆಗೀದಿ, ನಿನಗೇನೂ ಆಗಂಗಿಲ್ಲ. ಚೇರ್ಮನ್ನರ ಮರ್ಯಾದಿ ಪ್ರಶ್ನೆ." ಮತ್ತೆ ದನಿ ತಗ್ಗಿಸಿ, "ಇಲ್ಲಾಂದ್ರ ಆ ಠರಾವ ತಿರಗಿ ಬರೀತಾರವಾ."

ಅವರ ಮರ್ಯಾದೆ! ನನ್ನದನ್ನು ಬೋರ್ಡಿನ ಮುಂದೆ ನಾನೇ ಬಿಚ್ಚಿಟ್ಟಾಯಿತು, ಇವರದು ಇನ್ನೂ ಮಡಿಕೆ ಕೆಡದೆ ಇರಬೇಕು.

ಹೊರಗೆ ಮೋಟರ್‌ಸೈಕಲ್ ನಿಂತಿತು. ಬಂದ. ಚಪ್ಪಲಿ ಬಿಡುತ್ತಿದ್ದಾನೆ. ಮೂಗು ಹಿಂಡಿಕೊಂಡ. ಕಿಟಕಿಯಿಂದಲೇ ಕೇಳುತ್ತಿದ್ದಾನೆ — "ಮೇಡಂ, ಇದರ ಮ್ಯಾಲೆ ಏನ ಬಿದ್ದೈತ್ರಿ?"

ಅಮಾತೆಪ್ಪನವರು ಅವನ ಹಿಂದೆಯೇ ನಿಂತು ನನ್ನನ್ನು ನೋಡುತ್ತಿದ್ದಾರೆ. ಇರಲಿ, ಅವರೂ ಕೇಳಿಸಿಕೊಳ್ಳಲಿ. ಶನಿವಾರದ ಮಾತೇ ಬಾಯಿಂದ ಬಂದಿದೆ, ಇದೇನು ದೊಡ್ಡದು. ಪೆನ್ನು ಇಡುತ್ತೇನೆ. ಮೊದಲು ಗಂಜಳ ಅನ್ನುತ್ತೇನೆ, ಆಮೇಲೆ ಹಾಕಿಸಿದವರ ಹೆಸರು.