ಗಂಗಮ್ಮನ ಮಡುವಿಗೆ ನೀಲಿ ಬಣ್ಣ

ಬಿಳೇಕಹಳ್ಳಿ
20–3–2005, ಭಾನುವಾರ ಮಧ್ಯಾಹ್ನ

ಮಗಳು ಶ್ವೇತಳಿಗೆ,

ಸಮುದ್ರದ ತಳ ಅಳೆಯುವವಳು ಎಂದ ಮಾತ್ರಕ್ಕೆ ನನ್ನ ಮನೆಯ ತಳವೂ ನಿನಗೆ ಗೊತ್ತೆಂದು ಯಾರು ಹೇಳಿದರು ಅಂತ ನಿನ್ನೆ ಕೇಳುವವನಿದ್ದೆ, ಅಷ್ಟರಲ್ಲಿ ಪೋರ್ಟ್‌ಬ್ಲೇರಿನ ಲೈನು ಕಟ್ಟಾಯಿತು. ಇರಲಿ, ಮೊದಲು ಆರೋಗ್ಯದ ವಿಚಾರ. ಹಡಗಿನಲ್ಲಿ ವಾಂತಿ ನಿಂತಿತೇ? ನಾನು ಕಟ್ಟಿಕೊಟ್ಟ ನಿಂಬೆಕಾಯಿ ಉಪ್ಪಿನಕಾಯಿ ಮುಗಿಯಿತೇ, ಇಲ್ಲ ಆ ವಿಜ್ಞಾನಿಗಳೇ ತಿಂದು ಮುಗಿಸಿದರೇ? ನಾನು ಚೆನ್ನಾಗಿದ್ದೇನೆ. ಬಿಪಿ ಮಾತ್ರ ಸ್ವಲ್ಪ ಏರಿದೆ, ಆ್ಯಸ್ ಎ ಮ್ಯಾಟರ್ ಆಫ್ ಫ್ಯಾಕ್ಟ್ ಅದಕ್ಕೆ ಕಾರಣ ನೀನು.

ನೀನು ಕಳಿಸಿದ ಬಣ್ಣದ ನಕ್ಷೆ ಬಂದು ಇಪ್ಪತ್ತು ದಿನವಾಯಿತು. ಹಾಲ್‌ನಲ್ಲಿ ನಿಮ್ಮಮ್ಮನ ಫೋಟೋದ ಕೆಳಗೆ ಅಂಟಿಸಿದ್ದೇನೆ. ಮೆಚ್ಚಿ ಅಂಟಿಸಿದ್ದಲ್ಲ, ಗೋಡೆಯ ಬಿರುಕು ಮುಚ್ಚುವುದಕ್ಕೆ. ಕೆಂಪು ಎಂದರೆ ಎತ್ತರ, ನೀಲಿ ಎಂದರೆ ಆಳ ಎಂದು ಎರಡು ಪುಟ ಪಾಠ ಬೇರೆ ಬರೆದಿದ್ದೀಯ. ಹಡಗಿನ ಹೊಟ್ಟೆಯಿಂದ ಬೀಸಣಿಗೆ ಬಿಚ್ಚಿದ ಹಾಗೆ ಶಬ್ದ ಬಿಡುತ್ತೀರಂತೆ, ಅದು ತಳಕ್ಕೆ ಬಡಿದು ವಾಪಸು ಬರಲು ಹಿಡಿದ ಹೊತ್ತಿನಿಂದ ಆಳ ಕಂಡುಹಿಡಿಯುತ್ತೀರಂತೆ. ಹೊಲ ಉಳುವವನ ಹಾಗೆ ಹಡಗನ್ನು ಆ ತುದಿಯಿಂದ ಈ ತುದಿಗೆ, ಒಂದು ಸಾಲಿನ ಅಂಚಿನ ಮೇಲೆ ಇನ್ನೊಂದು ಸಾಲು ಬರುವಂತೆ ಓಡಿಸುತ್ತೀರಂತೆ. ಇಷ್ಟೆಲ್ಲ ಮಾಡಿ ಮೊದಲ ವಾರ ಸಿಕ್ಕಿದ್ದೇನು? ನೀರಿನ ಬಿಸಿ ತಂಪು ಸರಿಯಾಗಿ ಅಳೆಯದೆ ಮಟ್ಟಸವಾದ ತಳವೆಲ್ಲ ಊಟದ ತಟ್ಟೆಯ ಹಾಗೆ ಅಂಚೆದ್ದು ಕಂಡಿತು! ನೀನೇ ಬರೆದದ್ದು, ನಾನು ಹುಟ್ಟಿಸಿ ಹೇಳುತ್ತಿಲ್ಲ. ನಮ್ಮ ಕೆರೆಯ ತಳವನ್ನು ನಿಮ್ಮ ತಾತ ಒಂದು ಬಿದಿರುಗಳದಲ್ಲಿ ಅಳೆಯುತ್ತಿದ್ದರು, ಯಾವ ತಟ್ಟೆಯೂ ಕಾಣುತ್ತಿರಲಿಲ್ಲ. ಡಿಸೆಂಬರಿನಲ್ಲಿ ಆ ಸುನಾಮಿ ಅಲೆ ಬಂದು ಊರುಗಳನ್ನೇ ಬಳಿದುಕೊಂಡು ಹೋದ ಮೇಲೆ ಸಮುದ್ರದ ತಳ ನೋಡಲು ಹೊರಟಿದ್ದೀರಲ್ಲ, ವಾಟ್ ಈಸ್ ದಿ ಯುಟಿಲಿಟಿ ಅಂತ ಕೇಳಿದರೆ, ನಕ್ಷೆಯಲ್ಲಿ ಅರ್ಧಚಂದ್ರದಂಥ ಒಂದು ಗಾಯಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ ಕಳಿಸಿದ್ದೀಯ. ನೀರಿನಡಿಯ ಇಳಿಜಾರಿನಲ್ಲಿ ಸಾವಿರಾರು ವರ್ಷ ಪೇರಿಕೊಂಡ ಮೆತ್ತನೆ ಕೆಸರು ಭೂಮಿ ನಡುಗಿದಾಗ ಒಂದೇ ಸಲಕ್ಕೆ ಜಾರಿದ ಗುರುತು, ಜಾರಿದ್ದು ಮೇಲಿನ ನೀರನ್ನೂ ಎಬ್ಬಿಸಿ ದಡಕ್ಕೆ ನೂಕುತ್ತದೆ, ಎಲ್ಲಿ ಜಾರಿದೆ ಇನ್ನೆಲ್ಲಿ ಜಾರಲು ಕಾದಿದೆ ಎಂದು ತಿಳಿದರೆ ದಡದಲ್ಲಿ ಮನೆ ಕಟ್ಟುವವರಿಗೆ ಹೇಳಬಹುದು ಅಂತ. ಸರಿ, ಹೇಳು, ಅಲ್ಲಿಯವರಿಗೆ ಹೇಳು. ಕಾಗದದ ಕೊನೆಗೆ ‘ನಮ್ಮನೇನೂ ಕೆಸರಿನ ಮೇಲೇ ಅಲ್ವೇನಪ್ಪ ಇರೋದು? ಮೂರನೇ ಅಂತಸ್ತು ಹಾಕಿಸ್ಬೇಡ’ ಅಂತ ಬಾಲ ಸೇರಿಸುವ ಅಗತ್ಯವೇನಿತ್ತು?

ಈ ಮನೆಯ ಪಾಯದ ಮೇಲೆ ಕಂಟ್ರಾಕ್ಟರ್ ಗೌರೀಶಂಕರನಿಗೆ ನಿನಗಿಂತ ಹೆಚ್ಚು ನಂಬಿಕೆ. ಮೂರನೇ ಅಂತಸ್ತಿಗೆ ಕಂಬ ಎದ್ದಾಗಿದೆ, ಸೆಂಟ್ರಿಂಗ್ ಹಲಗೆ ಹೊಡೆದಾಗಿದೆ, ಮಂಗಳವಾರ ಬೆಳಿಗ್ಗೆ ತಾರಸಿಗೆ ಕಾಂಕ್ರೀಟು ಸುರಿದು ಮೋಲ್ಡು. ‘ಅಂಕಲ್, ಆರಡಿ ಪಾಯ ಇದೆ, ಆನೆ ತಂದ್ ನಿಲ್ಸಿ ಬೇಕಾದ್ರೆ’ ಅನ್ನುತ್ತಾನೆ. ಅವನು ಆನೆಯನ್ನು ಝೂನಲ್ಲಿಯೂ ಸರಿಯಾಗಿ ನೋಡಿದವನಲ್ಲ. ಕೆಳಮನೆಯ ಬಾಡಿಗೆದಾರ ಯಲ್ಲಪ್ಪ ಬಾಯಿಲ್ಲದ ಮನುಷ್ಯ, ಅವನ ಪಾಲಿನದನ್ನೂ ಹೆಂಡತಿ ತಂಗೆವ್ವನೇ ಮಾತಾಡುತ್ತಾಳೆ. ‘ಯಜಮಾನ್ರ, ಬಾಗಿಲಾ ಹಾಕಾಕ ಬರವಲ್ದು ನೋಡ್ರಿ’ ಅಂತ ವರ್ಷದಿಂದ ಒಂದೇ ರಾಗ. ಬಡಗಿಯನ್ನು ಕರೆಸಿ ಮೂರು ಸಲ ಬಾಗಿಲು ಹೆರೆಸಿದೆ. ನೀರು ಸುರಿದು ತೊಳೆಯುವವರ ಮನೆಯಲ್ಲಿ ಮರ ಉಬ್ಬದೆ ಇರುತ್ತದೆಯೇ ಎಂದು ಬೈದೆ. ಈ ಹುಬ್ಬಳ್ಳಿ ಕಡೆಯವರಿಗೆ ಬಾಗಿಲು ಹಾಕುವುದೂ ಕಲಿಸಬೇಕೇ?

ಇನ್ನು ನಿನ್ನ ಸೊಕ್ಕು ಮುರಿಯಲೆಂದೇ ಮಾಡಿದ ಕೆಲಸ ಕೇಳು. ನಮ್ಮ ಲೇಔಟಿನಲ್ಲಿ ಬೋರ್‌ವೆಲ್ ಇಲ್ಲದ ಮನೆಯಿಲ್ಲ. ಬೋರು ಕೊರೆಯುವಾಗ ಗಟ್ಟಿ ಬಂಡೆ ಸಿಗುವ ತನಕ ಮಣ್ಣು ಕುಸಿಯದಂತೆ ಕೇಸಿಂಗ್ ಪೈಪು ಇಳಿಸುತ್ತಾರಲ್ಲ, ಹಾಗಾದರೆ ಯಾರ ಮನೆಯಲ್ಲಿ ಎಷ್ಟಡಿ ಕೇಸಿಂಗ್ ಹೋಯಿತೋ ಅಷ್ಟು ಆಳಕ್ಕೆ ಬಂಡೆ. ನಿನ್ನ ಹಡಗೂ ಬೇಡ, ಬೀಸಣಿಗೆಯೂ ಬೇಡ. ಒಂದು ಗ್ರಾಫ್ ಶೀಟು ಹಿಡಿದು ನಾಲ್ಕು ರಸ್ತೆ, ಅರವತ್ತಮೂರು ಮನೆ, ಸಾಲು ಹಿಡಿದು ಹೋದೆ, ಸಾಲು ಹಿಡಿದು ಬಂದೆ. ಎಂಥ ಜನವಮ್ಮ! ಒಬ್ಬಳು ‘ಏನ್ ಅಂಕಲ್, ಜನಗಣತೀನಾ?’ ಅಂತ ರೇಷನ್ ಕಾರ್ಡೇ ತಂದಳು. ಮೂಲೆ ಮನೆಯವನು ಮೀಸೆ ತಿರುವಿಕೊಂಡು ‘ನಮ್ದು ನೂರಡಿ ಸಾರ್’ ಅಂದ, ಏನೋ ಕೇಸಿಂಗ್ ಜಾಸ್ತಿ ಇದ್ದರೆ ಗೌರವ ಜಾಸ್ತಿ ಎಂಬ ಹಾಗೆ. ಅವನ ಆಚೆಗೂ ಈಚೆಗೂ ಮೂವತ್ತೈದು. ಪಕ್ಕದ ಸಾಲಿಗೆ ತಾಳೆಯಾಗದ್ದನ್ನು ನಂಬಬಾರದು ಎಂದು ನಿನ್ನ ಪಾಠದಲ್ಲೇ ಇತ್ತಲ್ಲ, ಅವನ ಅಂಕಿಯನ್ನು ಹೊಡೆದು ಹಾಕಿದೆ. ಮನೆಗೆ ಬಂದು, ನೀನು ಶಾಲೆಯಲ್ಲಿದ್ದಾಗಿನ ಕ್ರೇಯಾನಿನ ಡಬ್ಬಿ ಹುಡುಕಿ ಬಣ್ಣ ತುಂಬಿದೆ. ಹಳೇ ಕೆರೆಯ ಏರಿ ದಿಣ್ಣೆಗೆ ಸೇರುವ ಮಗ್ಗುಲಿನ ಮನೆಗಳೆಲ್ಲ ಮೂವತ್ತು, ಮೂವತ್ತೈದು, ಕೆಂಪು. ಅಲ್ಲಿಂದ ಐವತ್ತು, ಹಳದಿ. ಆಮೇಲೆ ಎಪ್ಪತ್ತು, ತೊಂಬತ್ತು. ನಮ್ಮ ಮನೆಯದನ್ನು ಯಾರನ್ನೂ ಕೇಳಬೇಕಾಗಿರಲಿಲ್ಲ. ನೂರ ಹದಿನೆಂಟು. ಬೋರಿನವನು ‘ಇಷ್ಟು ಪೈಪ್ ಕುಡಿದ ಮನೆ ನಾನ್ ನೋಡೇ ಇಲ್ಲ ಯಜಮಾನ್ರೇ’ ಅಂದಿದ್ದ. ಮೇಲೆ ಹದಿನೆಂಟಡಿ ತುಂಬಿಸಿದ ಮಣ್ಣು, ಅದರ ಕೆಳಗೆ ಬರೀ ಕಪ್ಪು ಗೋಡು, ಕೆರೆಯ ಕೆಸರು, ಎದ್ದು ಬಂದಿತ್ತು. ಅದನ್ನು ನಾನು ವರ್ಷಗಟ್ಟಲೆ ಊರಿಗೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ. ಮೂಲೆ ಮನೆಯವನ ಮೀಸೆಯನ್ನು ಆಡಿಕೊಂಡೆನಲ್ಲ, ನನ್ನದು ಅದಕ್ಕಿಂತ ದೊಡ್ಡದು.

ಈ ಸೈಟನ್ನು ನನಗೆ ಯಾರೂ ಮೋಸ ಮಾಡಿ ಕೊಡಲಿಲ್ಲ, ಅದನ್ನೂ ಬರೆದುಬಿಡುತ್ತೇನೆ. ಕೆರೆ ತುಂಬಿದ ವರ್ಷ ನಿಮ್ಮ ತಾತ ಬಾಳೆದಿಂಡಿನ ತೆಪ್ಪದ ಮೇಲೆ ದೀಪವಿಟ್ಟು ಗಂಗಮ್ಮನ ಮಡುವಿನಲ್ಲಿ ಬಿಡುತ್ತಿದ್ದರು. ಇಡೀ ಕೆರೆಗೆ ಅದೇ ಆಳ, ಗಳ ಇಳಿಸಿದರೆ ಕೈ ಮುಳುಗಿದರೂ ಗಟ್ಟಿ ಸಿಗುತ್ತಿರಲಿಲ್ಲ. ಕೆರೆ ಬತ್ತಿ, ಮಣ್ಣು ಸುರಿದು, ಸೈಟು ಹಂಚಿದಾಗ ಏರಿಯ ಪಕ್ಕದ ಗಟ್ಟಿ ಜಾಗ ನನಗೇ ಬಂದಿತ್ತು. ದೀಪ ಬಿಟ್ಟ ಜಾಗ ಶ್ರೇಷ್ಠ, ದೇವರಮನೆ ಸರಿಯಾಗಿ ಅದರ ಮೇಲೇ ಬರಬೇಕು ಎಂದು ಅದನ್ನು ಬಿಟ್ಟುಕೊಟ್ಟು, ಹಟ ಹಿಡಿದು ಇದನ್ನು ತೆಗೆದುಕೊಂಡೆ. ನಿಮ್ಮಮ್ಮ ಆವತ್ತೇ ಅಂದಳು, ‘ದೀಪ ತೇಲೋ ಜಾಗದಲ್ಲಿ ಮನೆ ತೇಲುತ್ತಾ?’ ಅಂತ. ಹೆಂಗಸರಿಗೆ ಇಂಜಿನಿಯರಿಂಗ್ ಏನು ಗೊತ್ತು ಎಂದು ನಾನು ಎಲ್ಲರೆದುರು ನಕ್ಕೆ. ಅವಳು ಹೋಗಿ ಆರು ವರ್ಷವಾಯಿತು, ಮಾತು ಹಾಲ್‌ನ ಗೋಡೆಯ ಮೇಲೆ ಬರೆದುಕೊಂಡಿದೆ. ನಿನ್ನ ನಕ್ಷೆಯ ಅಡಿಯಲ್ಲಿದ್ದ ಬಿರುಕು ಕಂಬ ಎದ್ದ ಮೇಲೆ ನಕ್ಷೆಯ ಅಂಚು ದಾಟಿ ಈಚೆಗೆ ಬಂದಿದೆ. ನಿನ್ನೆ ನೀನು ಫೋನು ಮಾಡಿದಾಗ ಗ್ರಾಫ್ ಶೀಟು ನನ್ನ ಎದುರಿಗೇ ಇತ್ತು.

ಇವತ್ತು ಬೆಳಿಗ್ಗೆ ಗೌರೀಶಂಕರನ ಆನೆಯ ಮಾತನ್ನು ಹೇಳಿ ತಂಗೆವ್ವನ ಬಾಯಿ ಮುಚ್ಚಿಸೋಣ ಎಂದು ಕೆಳಗೆ ಹೋದೆ. ತೊಲೆಯ ಕೊಂಡಿಗೆ ಕಟ್ಟಿದ್ದ ಕೂಸಿನ ತೊಟ್ಟಿಲನ್ನು ಬಿಚ್ಚಿ, ಬಾಗಿಲ ಬಳಿ ಚಾಪೆಯ ಮೇಲೆ ಮಗುವನ್ನು ಮಲಗಿಸಿದ್ದಳು. ಯಾಕೆಂದು ಕೇಳಿದರೆ ‘ಏನಿಲ್ಲ ಬಿಡ್ರಿ, ಇಲ್ಲೆ ಗಾಳಿ ಬರ್ತೈತಿ’ ಅಂದಳು. ಕಿಟಕಿ ಇರುವುದು ತೊಟ್ಟಿಲಿದ್ದ ಕಡೆ. ಗಾಳಿ ಬರುವುದೂ ಆ ಕಡೆಯಿಂದಲೇ. ತೊಲೆಯನ್ನೊಮ್ಮೆ ನೋಡಿ ಮೇಲೆ ಬಂದೆ.

ಕೂತಾಗ ಬಿಸಿಲಿತ್ತು, ಈಗ ಮೇಲಿನ ಕಂಬಿಗಳ ನೆರಳು ಕಾಗದದ ಮೇಲೆ ಬಿದ್ದು ಅಕ್ಷರ ಯಾವುದು ಗೆರೆ ಯಾವುದು ತಿಳಿಯುತ್ತಿಲ್ಲ. ಬೆಳಕು ಹೋಗುತ್ತಿದೆ, ನಿಲ್ಲಿಸುತ್ತೇನೆ. ಉಪ್ಪುಗಾಳಿಗೆ ತಲೆ ಬಿಚ್ಚಿಕೊಂಡು ನಿಲ್ಲಬೇಡ. ಗಂಗಮ್ಮ ನಿನ್ನನ್ನು ನೀರಿನ ಮೇಲೆಯೇ ಇಟ್ಟಿರಲಿ.

ನಿನ್ನ ಅಪ್ಪ,
ದಾಸಪ್ಪ

ಮರೆತಿದ್ದೆ: ನಿನ್ನೆ ಲೈನು ಕಟ್ಟಾಗಲಿಲ್ಲ, ನಾನೇ ಫೋನು ಕುಕ್ಕಿದೆ. ಮಂಗಳವಾರ ಮೋಲ್ಡು ಹಾಕುವುದಿಲ್ಲ, ಕಂಬ ಇಳಿಸು ಅಂತ ಗೌರೀಶಂಕರನಿಗೆ ಹೇಳಿಯಾಯಿತು, ಆನೆಯನ್ನು ಅವನೇ ಇಟ್ಟುಕೊಳ್ಳಲಿ. ಯಲ್ಲಪ್ಪನವರಿಗೆ ಏರಿಯ ಪಕ್ಕ ಮೂವತ್ತೈದಡಿಯ ಮನೆಯೊಂದನ್ನು ಗೊತ್ತುಮಾಡಿದ್ದೇನೆ, ನಾಡಿದ್ದು ಹೋಗುತ್ತಾರೆ. ನನ್ನ ನಕ್ಷೆಯನ್ನು ಇದರೊಳಗೆ ಮಡಿಸಿಟ್ಟಿದ್ದೇನೆ, ನಿಮ್ಮವರ ಹತ್ತಿರ ನೋಡಿಸಿ ನಾನು ಎಲ್ಲಿಗೆ ಹೋಗಲಿ ಎಂದು ಬರೆ. ನಮ್ಮ ಮನೆ ಬರುವಷ್ಟರಲ್ಲಿ ನೀಲಿ ಕ್ರೇಯಾನು ಮುಗಿದುಹೋಯಿತು, ಪೆನ್ನಿನ ಇಂಕು ಬಳಿದಿದ್ದೇನೆ. ಬೇರೆ ಬಣ್ಣ ಅಂದುಕೊಳ್ಳಬೇಡ, ಅದು ಆಳವೇ.