ಅಪರೂಪಕ್ಕೊಮ್ಮೆ ಎಂದರು ನಿನ್ನ ಅಪ್ಪ

ಕಾಪು
೫-೮-೧೯೭೮

ಪ್ರೀತಿಯ ಮಗಳು ವಾರಿಜಾಳಿಗೆ ಅಮ್ಮನ ಆಶೀರ್ವಾದಗಳು.

ನೀನು, ಅಳಿಯಂದಿರು ಸೌಖ್ಯವೆಂದು ನಂಬಿದ್ದೇನೆ. ಬೊಂಬಾಯಿಯ ಮಳೆಗೆ ಮಗುವಿನ ಕೆಮ್ಮು ಜಾಸ್ತಿ ಆಯಿತೋ ಏನೋ. ತೆಂಗಿನೆಣ್ಣೆ ಬಿಸಿ ಮಾಡಿ ಎದೆಗೆ ಹಚ್ಚು. ಮಾರಿಯಮ್ಮನವರ ದಯೆಯಿಂದ ನಾನು ಗಟ್ಟಿಯಿದ್ದೇನೆ.

ಸೋಮವಾರ ನಿನ್ನ ಅಪ್ಪನನ್ನು ಮಣಿಪಾಲಕ್ಕೆ ಕರೆದುಕೊಂಡು ಹೋಗಿದ್ದೆ. ಮೇ ತಿಂಗಳಲ್ಲಿ ದೋಣಿಯಲ್ಲೇ ಮೈ ಸೆಟೆದು ಬಿದ್ದದ್ದನ್ನು ಬರೆದಿದ್ದೆನಲ್ಲ, ಆಮೇಲೆ ಮನೆಯಲ್ಲೂ ಹಾಗೇ ಆಗುತ್ತಾ ಬಂತು. ಒಪ್ಪಿಸಿದ್ದೇ ದೊಡ್ಡ ಕಥೆ. "ಆಸ್ಪತ್ರೆಗೆ ಹೋದರೆ ಇಲ್ಲದ ರೋಗವೂ ಬರುತ್ತದೆ ಮಾರಾಯ್ತಿ" ಎಂದು ಬಸ್ಸು ಹತ್ತುವವರೆಗೂ ಹೇಳುತ್ತಲೇ ಇದ್ದರು. ಕಿಟಕಿಯ ಬದಿ ಸೀಟು ಸಿಕ್ಕಿದ ಮೇಲೆ ಸುಮ್ಮನಾದರು.

ಡಾಕ್ಟರು ಉತ್ತರದ ಕಡೆಯ ಹುಡುಗ, ಕನ್ನಡ ಬಾರದು. ಕಲ್ಯಾಣಪುರದ ಬರ್ತಾ ಎಂಬ ನರ್ಸಮ್ಮ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಹೇಳುತ್ತಿದ್ದಳು. ಎಷ್ಟೆಷ್ಟು ಸಮಯಕ್ಕೆ ಹೀಗಾಗುತ್ತದೆ ಎಂದು ಕೇಳಿದ್ದಕ್ಕೆ ನಿನ್ನ ಅಪ್ಪ ಮೀಸೆ ತಿರುವಿ "ಅಪರೂಪಕ್ಕೊಮ್ಮೆ" ಎಂದರು. ಡಾಕ್ಟರು ನಗುತ್ತಾ "ಒನ್ಸ್ ಇನ್ ಎ ಬ್ಲೂ ಮೂನ್?" ಎಂದರು. ಹಾಗೆಂದರೆ ಎಂತ ಎಂದು ಬರ್ತಾಳನ್ನು ಕೇಳಿದೆ. ನೀಲಿ ಚಂದ್ರ ಕಂಡಾಗ ಒಮ್ಮೆ, ಅಂದರೆ ಎರಡು ವರ್ಷಕ್ಕೊಮ್ಮೆ ಬರುವ ಉಡುಪಿಯ ಪರ್ಯಾಯಕ್ಕಿಂತಲೂ ಅಪರೂಪ ಎಂದಳು. ನಿನ್ನ ಅಪ್ಪ ಹೌದು ಹೌದು ಎಂದು ತಲೆಯಾಡಿಸಿದರು! ಮಗಳೇ, ನೀಲಿ ಚಂದ್ರನನ್ನು ನಾನು ಕಂಡವಳಲ್ಲ, ನಿನ್ನ ಅಪ್ಪ ಬೀಳುವುದನ್ನು ಕಂಡವಳು. ಡಾಕ್ಟರು ಅದನ್ನೇ ಬರೆಯಲಿಕ್ಕೆ ಹೊರಟಾಗ ನನಗೆ ತಡೆಯಲಿಲ್ಲ. ಅದಕ್ಕಿಂತ ಹೆಚ್ಚು ಸಲ ಎನ್ನಲಿಕ್ಕೆ ಇಂಗ್ಲಿಷಿನಲ್ಲಿ ಯಾವ ಶಬ್ದ ಉಂಟು ಹೇಳಮ್ಮ ಎಂದು ಬರ್ತಾಳನ್ನು ಕೇಳಿದೆ. ಪಾಪ, ಬಿಡಿಸಿ ಹೇಳಿದಳು: "ಸಮ್‌ಟೈಮ್ಸ್" ಅಂದರೆ ತಿಂಗಳಿಗೊಮ್ಮೆ ಸಂಕ್ರಮಣ ಬಂದ ಹಾಗೆ ಅಂತ ಇಟ್ಟುಕೊಳ್ಳಿ, "ಆಫನ್" ಅಂದರೆ ವಾರವಾರವೂ, ನಮಗೆ ಕ್ರಿಸ್ತಾನರಿಗೆ ಆದಿತ್ಯವಾರದ ಇಗರ್ಜಿ, ನಿಮಗೆ ಮಂಗಳವಾರದ ಮಾರಿಗುಡಿ ಇದ್ದ ಹಾಗೆ. ದೇವರನ್ನು ನೆನೆದು "ಆಫನ್" ಎಂದು ನಾನೇ ಡಾಕ್ಟರಿಗೆ ಹೇಳಿದೆ. ಅವರ ನಗು ಹೋಯಿತು. ಮಾತ್ರೆ ಬರೆದರು. ಇನ್ನು ಕಡಲಿಗೆ ಇಳಿಯಬಾರದು, ನೀರಿನಲ್ಲಿ ಹಾಗಾದರೆ ಯಾರೂ ಉಳಿಸಲಾರರು ಎಂದರು.

ವಾಪಸು ಬರುತ್ತಾ ಉಡುಪಿಯಲ್ಲಿ ಬಸ್ಸು ಬದಲಿಸುವಾಗ ನಿನ್ನ ಅಪ್ಪ "ನಾಲ್ಕು ಜನರ ಎದುರು ಮರ್ಯಾದೆ ತೆಗೆದಿಯಲ್ಲ" ಎಂದರು. ಮತ್ತೆ ತಾವೇ ಹೋಗಿ ನನಗೆ ಒಂದು ಚೆಂಡು ಮಲ್ಲಿಗೆ ತೆಗೆದುಕೊಟ್ಟರು. ಅವರ ಸಿಟ್ಟು ಅಷ್ಟೇ, ನಿನಗೆ ಗೊತ್ತುಂಟಲ್ಲ.

ಅಳಿಯಂದಿರಿಗೆ ನಮ್ಮ ನೆನಪು ತಿಳಿಸು, ಮಗುವಿಗೆ ಅಜ್ಜಿಯ ಮುತ್ತು. ಮಾರಿಯಮ್ಮ ನಿಮ್ಮೆಲ್ಲರನ್ನು ಕಾಯಲಿ.

ಇತಿ ನಿನ್ನ ಅಮ್ಮ
ಪುಷ್ಪಾವತಿ

ತಾ.ಕ.: ಕಾಗದ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ನೂಲ ಹುಣ್ಣಿಮೆಗೆ ಸಮುದ್ರಪೂಜೆ ಆದ ಕೂಡಲೇ ಕಡಲಿಗೆ ಹೋಗುವುದೆಂದು ದೋಣಿಯ ಜೊತೆಗಾರ ಹೂವಪ್ಪನ ಹತ್ತಿರ ನಿನ್ನ ಅಪ್ಪ ಹೇಳಿದ್ದಾರಂತೆ. ಅವನ ಹೆಂಡತಿ ಈಗ ಬಂದು ಹೇಳಿ ಹೋದಳು. ನನ್ನ ಮಾತು ನಡೆಯುವುದಿಲ್ಲ. ನಿನ್ನ ಮಾತನ್ನು ಅವರು ಮೀರುವವರಲ್ಲ. ಹುಣ್ಣಿಮೆಗೆ ಮೊದಲು ಅಪ್ಪನ ಹೆಸರಿಗೆ ಒಂದು ತಂತಿ ಕೊಡು. ಪೋಸ್ಟಿನವರು ಕಡಲ ಬದಿಯಲ್ಲಿ ಎಲ್ಲರ ಎದುರು ಓದಿ ಹೇಳಲಿ. ಇಂಗ್ಲಿಷಿನಲ್ಲಿ "ಎಂದೆಂದಿಗೂ ಬೇಡ" ಎಂಬುದಕ್ಕೆ ಯಾವ ಶಬ್ದ ಉಂಟೋ ಅದನ್ನೇ ಹಾಕು. ಒಮ್ಮೆ ಹೋಗಿ ಬಂದರೆ ಅಡ್ಡಿಯಿಲ್ಲ ಎಂದುಕೊಳ್ಳಲಿಕ್ಕೆ ಸಂದು ಇಡಬೇಡ.