ಎಲ್ಲೂ ಹೋಗುವವರಲ್ಲ

ಭಾನುವಾರ, ಮಧ್ಯಾಹ್ನ
ಮನೆಯಿಂದಲೇ (ಇನ್ನೆಲ್ಲಿಂದ ಬರೆಯಲಿ!)

ಪ್ರೀತಿಯ ಪುಟ್ಟಿ,

ಅಮ್ಮ ಯಾಕೆ ಕಾಗದ ಬರೆದಳು, ಏನಾಯಿತೋ ಎಂದು ಗಾಬರಿಯಾಗಬೇಡ. ಫೋನ್ ಚೆನ್ನಾಗಿದೆ, ನಾನೂ ಚೆನ್ನಾಗಿದ್ದೇನೆ. ಆದರೆ ಫೋನಿನಲ್ಲಿ ನಾನು ಎರಡು ಮಾತು ಆಡುವಷ್ಟರಲ್ಲಿ ನೀನು 'ಆಯ್ತಮ್ಮಾ, ಆಯ್ತಮ್ಮಾ' ಎನ್ನಲು ಶುರುಮಾಡುತ್ತೀಯ. ಏನು ಆಯಿತು ಎಂದು ನಿನಗೂ ಗೊತ್ತಿರುವುದಿಲ್ಲ, ನನಗೂ ಗೊತ್ತಾಗುವುದಿಲ್ಲ. ಕಾಗದದ ಬಾಯಿ ಮುಚ್ಚಿಸಲು ನಿನ್ನಿಂದ ಆಗುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಅಳಿಯಂದಿರಿಗೆ ಆಮೇಲೆ ತೋರಿಸು. ಮೊದಲು ನೀನೊಬ್ಬಳೇ ಕೂತು ಓದು.

ನೀನು ತಂದುಬಿಟ್ಟು ಹೋದ ನಾಯಿ ಕ್ಷೇಮ. ಈಗ ಹೊಲಿಗೆ ಮಿಷನ್ನಿನ ಕೆಳಗೆ, ನನ್ನ ಪಾದದ ಮೇಲೆ ಗದ್ದ ಇಟ್ಟುಕೊಂಡು ಮಲಗಿದೆ. ಅದಕ್ಕೆ ಮೇಷ್ಟ್ರು ಎಂದು ಹೆಸರಿಟ್ಟಿದ್ದೇನೆ. ಗಡ್ಡ ಬೆಳ್ಳಗಾಗಿದೆ, ನಡೆಯುವಾಗ ತಪ್ಪು ಹುಡುಕುವವರ ಹಾಗೆ ನೆಲ ನೋಡುತ್ತದೆ, ನಾನು ಊಟಕ್ಕೆ ಕೂತರೆ ಎದುರಿಗೆ ಕೂತು ಪ್ರತಿ ತುತ್ತನ್ನೂ ಪರೀಕ್ಷೆ ಮಾಡುತ್ತದೆ. ಹತ್ತು ವರ್ಷದ ನಾಯಿಗೆ ಬೇರೆ ಯಾವ ಹೆಸರೂ ಒಪ್ಪುವುದಿಲ್ಲ.

ಆ ಶನಿವಾರ ನೀನು ಬಂದದ್ದು ನೆನಪಿದೆಯೇ? ಬೆಲ್ ಹೊಡೆದೆ, ಬಾಗಿಲು ತೆಗೆದರೆ ಒಂದು ಕೈಯಲ್ಲಿ ನಾಯಿಯ ಹಗ್ಗ, ಇನ್ನೊಂದು ಕೈಯಲ್ಲಿ ಪ್ರಾಣಿಗಳ ಶೆಲ್ಟರಿನ ಕವರು. ಇನ್ನು ಮೇಲೆ ನೀನು ಒಂಟಿಯಲ್ಲ ಅಮ್ಮಾ ಎಂದು ನನ್ನನ್ನು ತಬ್ಬಿಕೊಂಡು ಅತ್ತೆ. ನಿನ್ನ ಕನಸಿನಲ್ಲಿ ನಾನು ಬಚ್ಚಲಿನಲ್ಲಿ ಬಿದ್ದಿದ್ದೆನಂತೆ, ಮೂರು ದಿನ ಯಾರಿಗೂ ಗೊತ್ತಾಗಿರಲಿಲ್ಲವಂತೆ. ನಾನು ನಿನ್ನ ಬೆನ್ನು ಸವರುತ್ತಾ, ಇಷ್ಟು ದೊಡ್ಡ ನಾಯಿಯನ್ನು ಎಲ್ಲಿ ಮಲಗಿಸಲಿ ಎಂದು ಯೋಚಿಸುತ್ತಿದ್ದೆ. ನೀನು ನಲವತ್ತು ನಿಮಿಷ ಇದ್ದು, ಟೀ ಕುಡಿದು ಹೊರಟುಹೋದೆ. ನನ್ನನ್ನು ಒಂದು ಮಾತು ಕೇಳಲಿಲ್ಲ. ನಾನೂ ಬೇಡ ಎನ್ನಲಿಲ್ಲ, ಅದು ನನ್ನ ತಪ್ಪು. ನೀನು ಅತ್ತರೆ ನನ್ನ ಬಾಯಿ ಕಟ್ಟಿಹೋಗುತ್ತದೆ, ನೀನು ಮೂರು ವರ್ಷದವಳಿದ್ದಾಗಿನಿಂದಲೂ ಹಾಗೆಯೇ.

ಈಗ ನಾನು ಮುಚ್ಚಿಟ್ಟದ್ದನ್ನು ಹೇಳುತ್ತೇನೆ. ಆ ಶನಿವಾರದ ಹಿಂದಿನ ಗುರುವಾರ ನಾನು ಒಂದು ಕೆಲಸ ಒಪ್ಪಿಕೊಂಡಿದ್ದೆ. ಊರೂರು ತಿರುಗುವ ನಾಟಕ ಕಂಪನಿಯೊಂದಕ್ಕೆ ಎರಡು ವರ್ಷದಿಂದ ಬಟ್ಟೆ ಹೊಲಿದುಕೊಡುತ್ತಿದ್ದೇನಲ್ಲ, ಅವರ ಮ್ಯಾನೇಜರು ಬಂದಿದ್ದರು. ಅವರ ಹಳೆಯ ಟೈಲರಿಗೆ ಕಣ್ಣು ಮಂಜಾಗಿದೆಯಂತೆ. ಒಂಬತ್ತು ತಿಂಗಳು, ಇಪ್ಪತ್ತಾರು ಊರು. ವ್ಯಾನಿನಲ್ಲಿ ನನಗೊಂದು ಸೀಟು, ಮಿಷನ್ ಇಡಲು ಜಾಗ. ನಾಟಕದ ನಡುವೆ ರಾಜನ ನಿಲುವಂಗಿಯ ಹೊಲಿಗೆ ಬಿಟ್ಟರೆ ಪರದೆಯ ಹಿಂದೆಯೇ ನಿಂತು ಎರಡು ನಿಮಿಷದಲ್ಲಿ ಹಾಕಿಕೊಡಬೇಕು. ಅವರು ಮಾತು ಮುಗಿಸುವ ಮೊದಲೇ ನಾನು ಹೂಂ ಎಂದೆ. ಅವರು ಹೋದ ಮೇಲೆ ಕನ್ನಡಿಯ ಮುಂದೆ ನಿಂತು ಒಬ್ಬಳೇ ನಕ್ಕೆ ಪುಟ್ಟಿ. ಐವತ್ತೆಂಟು ವರ್ಷದ ಹೆಂಗಸು, ಟೇಪು ಕೊರಳಿಗೆ ಹಾಕಿಕೊಂಡು ಹುಚ್ಚಿಯ ಹಾಗೆ.

ಭಾನುವಾರ ನಿನಗೆ ಹೇಳಬೇಕೆಂದಿದ್ದೆ. ಶನಿವಾರವೇ ಮೇಷ್ಟ್ರು ಬಂದರು.

ನೀನು ಹೋದ ಮೇಲೆ ಆ ಕವರು ಬಿಚ್ಚಿದೆ. ದತ್ತು ಅರ್ಜಿಯ ಪ್ರತಿ, ಎಲ್ಲವೂ ನಿನ್ನ ದುಂಡು ಅಕ್ಷರ. ಮನೆಯಲ್ಲಿ ಎಷ್ಟು ಕೋಣೆ, ಕಿಟಕಿಗೆ ಜಾಲರಿ ಇದೆಯೇ, ಎಲ್ಲಕ್ಕೂ ಅಚ್ಚುಕಟ್ಟಾಗಿ ಉತ್ತರ ಬರೆದಿದ್ದೀಯ. ಹನ್ನೊಂದನೇ ಪ್ರಶ್ನೆ, ದಿನವಿಡೀ ಪ್ರಾಣಿಯ ಜೊತೆ ಯಾರು ಇರುತ್ತಾರೆ? ಅದಕ್ಕೆ ನಿನ್ನ ಉತ್ತರ: 'ನನ್ನ ತಾಯಿ. ಅವರು ಎಲ್ಲೂ ಹೋಗುವವರಲ್ಲ.' ಅದರ ಕೆಳಗೆ ನಿನ್ನ ಸಹಿ.

ಓದಿ ಮೈ ಉರಿಯಿತು. ನಾನೇನು ಬೀರುವೇ, ಎಲ್ಲೂ ಹೋಗದೆ ನಿಂತಿರಲು? ಫೋನ್ ಕೈಗೆತ್ತಿಕೊಂಡೆ. ನಂಬರು ಒತ್ತುವ ಮೊದಲೇ ಕೆಳಗಿಟ್ಟೆ. ಯಾಕೆಂದರೆ ನೀನು ಸುಳ್ಳು ಬರೆದಿರಲಿಲ್ಲ. ನಿಮ್ಮಪ್ಪ ಹಾಸಿಗೆ ಹಿಡಿದ ಹನ್ನೊಂದು ವರ್ಷ ನಾನು ಎಲ್ಲಿಗೆ ಹೋದೆ? ಔಷಧದ ಅಂಗಡಿ, ಗುಂಡಿ ದಾರದ ಅಂಗಡಿ, ಅಷ್ಟೇ. ನಿನ್ನ ಮದುವೆಗೆ ಬಂದವಳು ಊಟ ಮುಗಿಸದೆ ಓಡಿದ್ದೆ. ಅವರು ಹೋಗಿ ಒಂದು ವರ್ಷವಾದ ಮೇಲೂ ನಿನ್ನ ಕಣ್ಣಿಗೆ ನಾನು ಅದೇ ಕುರ್ಚಿಯಲ್ಲಿ ಕಂಡರೆ ಅದು ನಿನ್ನ ತಪ್ಪೇ?

ಆದರೂ ಈ ಮೂರು ವಾರ ಹೇಗೆ ಕಳೆದೆ ಎಂದು ಕೇಳು. ಮೊದಲ ಮೂರು ತಿಂಗಳು ನಾಯಿಯನ್ನು ಎರಡು ಗಂಟೆಗಿಂತ ಹೆಚ್ಚು ಒಂಟಿಯಾಗಿ ಬಿಡಬಾರದಂತೆ. ಶೆಲ್ಟರಿನ ಕನ್ನಡಕದಾಕೆ ಹೇಳದೆ ಕೇಳದೆ ಬಂದು ನೋಡಿಕೊಂಡು ಹೋಗುತ್ತಾಳೆ. ನಾನು ಎದ್ದರೆ ಮೇಷ್ಟ್ರು ಏಳುತ್ತಾರೆ, ಕೂತರೆ ಕೂರುತ್ತಾರೆ, ಬಚ್ಚಲಿಗೆ ಹೋದರೆ ಬಾಗಿಲಿಗೆ ಮೂಗು ಒತ್ತಿ ಉಸಿರು ಬಿಡುತ್ತಾರೆ. ದಾರ ತರಲು ಹೋದವಳು ಗಡಿಯಾರ ನೋಡುತ್ತಾ ಓಡಿಬರುತ್ತೇನೆ. ಮೆಟ್ಟಿಲು ಹತ್ತುವಾಗ ಅದೇ ಹಳೆಯ ಎದೆ ಡವಡವ. ಒಳಗೆ ಏನಾಯಿತೋ, ನನ್ನನ್ನು ಕರೆದರೋ, ತಡವಾಯಿತೋ. ಮೊನ್ನೆ ಬೀಗ ತೆಗೆಯುತ್ತಾ ನಾನು ಗಟ್ಟಿಯಾಗಿ 'ಬಂದೆ, ಬಂದೆ, ಬಂದೇ ಬಿಟ್ಟೆ' ಎಂದೆ. ನಿಮ್ಮಪ್ಪನಿಗೆ ಹಾಗೆ ಹೇಳುತ್ತಿದ್ದೆ. ಹೇಳಿದ್ದು ನನ್ನ ಕಿವಿಗೇ ಬಿದ್ದು ಮೆಟ್ಟಿಲ ಮೇಲೆ ಕೂತುಬಿಟ್ಟೆ. ಪಕ್ಕದ ಮನೆಯ ಕತ್ತರಿ ಸಾಣೆ ಹಿಡಿಯುವವರು ನೀರು ತಂದುಕೊಟ್ಟರು. ಏನಿಲ್ಲ, ಮಂಡಿ ನೋವು ಎಂದು ಸುಳ್ಳು ಹೇಳಿದೆ.

ಮಾರನೆಯ ದಿನವೇ ನಾಯಿಯನ್ನು ಕರೆದುಕೊಂಡು ಶೆಲ್ಟರಿಗೆ ಹೊರಟೆ. ಹೌದು, ವಾಪಸು ಕೊಡಲು. ನೀನು ಮುಖ ಸಣ್ಣ ಮಾಡುವುದು ಇಲ್ಲಿಗೇ ಕಾಣುತ್ತಿದೆ, ಆದರೂ ಓದು.

ಅಲ್ಲೊಂದು ಪದ್ಧತಿ ಇದೆ. ನಾಯಿ ವಾಪಸು ತಂದವರು ಹಗ್ಗವನ್ನು ಯಾರದೋ ಕೈಗೆ ಕೊಟ್ಟು ಹೋಗುವ ಹಾಗಿಲ್ಲ. ತಾವೇ ಗೂಡಿನ ತನಕ ನಡೆಸಿಕೊಂಡು ಹೋಗಬೇಕು, ಕೊರಳ ಪಟ್ಟಿ ಬಿಚ್ಚಬೇಕು, ಹೊರಗೆ ಬಂದು ತಮ್ಮ ಕೈಯಾರೆ ಚಿಲಕ ಹಾಕಬೇಕು. ಯಾಕೆ ಹೀಗೆ ಎಂದು ಕನ್ನಡಕದಾಕೆಯನ್ನು ಕೇಳಿದೆ. ನಾವು ಯಾರನ್ನೂ ಬೈಯಲ್ಲ, ಚಿಲಕ ಮಾತ್ರ ನಮ್ಮ ಕೈಯಿಂದ ಹಾಕಲ್ಲ ಎಂದಳು.

ಉದ್ದನೆಯ ಓಣಿ, ಎರಡೂ ಕಡೆ ಗೂಡುಗಳು, ಫಿನೈಲಿನ ವಾಸನೆ, ಕಿವಿ ಕಿತ್ತುಹೋಗುವಷ್ಟು ಬೊಗಳಾಟ. ಮೇಷ್ಟ್ರು ಮಾತ್ರ ಬೊಗಳಲಿಲ್ಲ. ಮೂವತ್ತನಾಲ್ಕನೇ ಗೂಡು ಬಂದಾಗ ನಾನು ಎಳೆಯಲೂ ಬೇಕಾಗಲಿಲ್ಲ. ತಾವಾಗಿಯೇ ಒಳಗೆ ಹೋದರು. ನಾಲ್ಕು ವರ್ಷ ಇದ್ದ ಜಾಗವಂತೆ ಅದು. ಮೂಲೆಯ ಗೋಣಿಯ ಮೇಲೆ ಒಂದು ಸುತ್ತು ಸುತ್ತಿ ಮಲಗಿದರು. ಪಟ್ಟಿ ಬಿಚ್ಚಲು ಅನುಕೂಲವಾಗಲೆಂದು ಕತ್ತು ಬೇರೆ ಎತ್ತಿದರು. ಕೂಗಿದ್ದರೆ, ಒದ್ದಾಡಿದ್ದರೆ, ನನ್ನ ಸೀರೆ ಹಿಡಿದು ಎಳೆದಿದ್ದರೆ, ಹಲ್ಲು ಕಚ್ಚಿಕೊಂಡು ಬಿಟ್ಟು ಬರುತ್ತಿದ್ದೆ. ನಿಮ್ಮಪ್ಪ ಕೂಗುತ್ತಿದ್ದಾಗಲೂ ಔಷಧಕ್ಕೆ ಹೋಗಿ ಬಂದು ನನಗೆ ಅದು ಅಭ್ಯಾಸವಿದೆ. ಅವರು ಸುಮ್ಮನೆ ಮಲಗಿ, ಆಯ್ತು, ಹಾಕಿ ಎನ್ನುವ ಹಾಗೆ ಚಿಲಕದ ಕಡೆ ನೋಡಿದರು.

ನಿಮ್ಮಪ್ಪ ಹೋದ ಎರಡನೇ ವಾರ ಒಂದು ಸಂಜೆ ನಾನು ಒಳ್ಳೆಯ ಸೀರೆ ಉಟ್ಟು, ತಲೆ ಬಾಚಿ, ಚಪ್ಪಲಿ ಮೆಟ್ಟಿ ಬಾಗಿಲ ತನಕ ಹೋಗಿದ್ದೆ. ಎಲ್ಲಿಗಾದರೂ ಸರಿ, ಸುಮ್ಮನೆ ತಿರುಗಿ ಬರೋಣ ಎಂದು. ತಡೆಯುವವರು ಯಾರೂ ಇರಲಿಲ್ಲ. ಆದರೂ ಚಪ್ಪಲಿ ಬಿಟ್ಟು ಬಂದು ಆ ಖಾಲಿ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತೆ. ಕತ್ತಲಾಗುವ ತನಕ ಕೂತೆ. ಇದನ್ನು ಯಾರಿಗೂ ಹೇಳಿರಲಿಲ್ಲ. ಗೂಡಿನ ಮುಂದೆ ಅದು ನೆನಪಾಗಿ ನನಗೆ ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು. 'ಏಳ್ರೀ ಮೇಷ್ಟ್ರೇ, ಎದ್ದೇಳಿ ಮೇಲೆ' ಎಂದು ಓಣಿಯೆಲ್ಲ ಕೇಳುವ ಹಾಗೆ ಗದರಿದೆ. ಅವರು ಏಳಲಿಲ್ಲ. ಕೊನೆಗೆ ಒಳಗೆ ಹೋಗಿ, ಮಂಡಿಯೂರಿ, ಇಪ್ಪತ್ತೆಂಟು ಕಿಲೋ ನಾಯಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಆಚೆ ಬಂದೆ. ಸೊಂಟ ಇನ್ನೂ ನೋಯುತ್ತಿದೆ.

ಅಲ್ಲಿಂದ ನೇರ ನಾಟಕ ಕಂಪನಿಯ ಬಾಡಿಗೆ ಗೋದಾಮಿಗೆ ಹೋದೆ. ನಾಯಿಯೂ ಜೊತೆಗೆ ಬರುತ್ತದೆ ಎಂದೆ, ಮ್ಯಾನೇಜರು ಮೊದಲು ಆಗೋದೇ ಇಲ್ಲ ಎಂದರು. ಹಾಗಾದರೆ ನಾನೂ ಬರುವುದಿಲ್ಲ, ನಿಮ್ಮ ರಾಜ ಹರಿದ ನಿಲುವಂಗಿಯಲ್ಲೇ ಯುದ್ಧಕ್ಕೆ ಹೋಗಲಿ ಎಂದೆ. ಈ ಮಾತು ನನ್ನ ಬಾಯಿಂದ ಹೇಗೆ ಬಂತೋ ಕಾಣೆ. ಅವರು ಮೇಷ್ಟ್ರನ್ನು ಮೇಲಿಂದ ಕೆಳಗೆ ನೋಡಿ, ಆಟದ ಮಧ್ಯೆ ಬೊಗಳಿದರೆ ಇಬ್ಬರನ್ನೂ ಅಲ್ಲೇ ಇಳಿಸುತ್ತೇನೆ ಎಂದರು. ಒಪ್ಪಿದೆ. ಈ ಬುಧವಾರವಲ್ಲ, ಮುಂದಿನ ಬುಧವಾರ ಬೆಳಿಗ್ಗೆ ಒಂಬತ್ತಕ್ಕೆ ವ್ಯಾನು ಹೊರಡುತ್ತದೆ. ಕತ್ತರಿ, ಸೂಜಿ, ಬಾಬಿನ್ನುಗಳನ್ನೆಲ್ಲ ಬಿಸ್ಕತ್ತಿನ ಡಬ್ಬಿಗೆ ತುಂಬಿದ್ದೂ ಆಯಿತು.

ಈಗ ನಿನ್ನಿಂದ ಆಗಬೇಕಾದ ಒಂದು ಕೆಲಸವಿದೆ. ನೀನು ಬರೆದ ಅರ್ಜಿಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಹನ್ನೊಂದನೇ ಉತ್ತರ ಹಾಗೇ ಇದ್ದರೆ ನಾನು ನಾಯಿಯನ್ನು ಊರಾಚೆ ಕರೆದೊಯ್ಯುವ ಹಾಗಿಲ್ಲವಂತೆ. ಬರೆದವರೇ ಅದನ್ನು ಹೊಡೆದುಹಾಕಿ ಪಕ್ಕದಲ್ಲಿ ಸಹಿ ಮಾಡಬೇಕು ಎಂದು ಶೆಲ್ಟರಿನವರು ಹೇಳಿದ್ದಾರೆ. ದೊಡ್ಡ ಕೆಲಸವೇನಲ್ಲ, ಒಂದು ಗೆರೆ ಎಳೆಯುವುದು. ವಿಳಾಸ ಬರೆದ ಕವರೂ ಒಳಗಿದೆ. ವ್ಯಾನು ಹೊರಡುವ ಹಿಂದಿನ ದಿನ, ಮಂಗಳವಾರದೊಳಗೆ ನನ್ನ ಕೈ ಸೇರಬೇಕು.

ನೀನು ಕೆಟ್ಟ ಮನಸ್ಸಿನಿಂದ ನಾಯಿಯನ್ನು ತಂದೆ ಎಂದು ನಾನು ಒಂದು ದಿನವೂ ಅಂದುಕೊಂಡಿಲ್ಲ. ಹೆದರಿ ತಂದೆ. ನನಗೂ ಹೆದರಿಕೆಯಾಗುತ್ತದೆ. ಇಪ್ಪತ್ತಾರು ಊರಿನಲ್ಲಿ ಇಪ್ಪತ್ತಾರು ಬಚ್ಚಲು, ಯಾವುದರಲ್ಲಿ ಬೇಕಾದರೂ ಜಾರಬಹುದು. ಆದರೆ ಬಿದ್ದರೆ ಹೋಗಿ ಕೂಗಿ ಹೇಳಲು ರಾಜ, ಮಂತ್ರಿ, ಸೈನಿಕರು ಎಲ್ಲ ಇರುತ್ತಾರೆ. ಮೇಷ್ಟ್ರೂ ಇರುತ್ತಾರೆ. ಪ್ರತಿ ಊರಿನಿಂದ ಫೋನ್ ಮಾಡುತ್ತೇನೆ, ನೀನು ಆಯ್ತಮ್ಮಾ ಎನ್ನು, ನಾನು ಬೇಜಾರು ಮಾಡಿಕೊಳ್ಳುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರ ಕಂದು ಕೋಟಿನ ತೋಳು ಗಿಡ್ಡ ಮಾಡಿ ಇಟ್ಟಿದ್ದೇನೆ, ಪಕ್ಕದ ಮನೆಯಲ್ಲಿ ಕೊಟ್ಟು ಹೋಗುತ್ತೇನೆ.

ಇಂತಿ, ನಿನ್ನನ್ನು ದಿನಕ್ಕೆ ಹತ್ತು ಸಲ ನೆನೆಯುವ,
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಹೇಳಲು ಧೈರ್ಯ ಸಾಲಲಿಲ್ಲ. ಕವರು ಅಂಟಿಸಿ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಶೆಲ್ಟರಿನವರು ಯಾವ ತಿದ್ದುಪಡಿಯನ್ನೂ ಕೇಳಿಲ್ಲ. ಅವತ್ತು ಗೂಡಿನಿಂದ ಆಚೆ ಬಂದವಳೇ ಎಲ್ಲ ಹೇಳಿದೆ, ಕನ್ನಡಕದಾಕೆ ನಕ್ಕು, ಹೋಗಿ ಬನ್ನಿ, ತಿಂಗಳಿಗೊಂದು ಫೋನ್ ಮಾಡಿ ಸಾಕು ಎಂದು ಮೇಷ್ಟ್ರ ತಲೆ ಸವರಿ ಕಳಿಸಿದಳು. ಆ ಗೆರೆ ಬೇಕಾಗಿರುವುದು ನನಗೆ. ಸಹಿ ಬರದಿದ್ದರೂ ಹೋಗುತ್ತೇನೆ ಎಂದು ಬರೆಯಲು ಮೂರು ಸಲ ಪೆನ್ನು ಹಿಡಿದೆ ಪುಟ್ಟಿ, ಕೈ ಬರಲಿಲ್ಲ. ನೀನು ಸಹಿ ಮಾಡದಿದ್ದರೆ ನಾನು ಹೋಗುವುದಿಲ್ಲ.